ಮರಳಿನಲ್ಲಿ ತಿರುಗಿದ ಚಕ್ರ

ಅಡಿವೆಪ್ಪನೆಂಬ ಶಿಷ್ಯ ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೇ, ನಾನು ನಿಮ್ಮ ಬಳಿಗೆ ಬಂದು ಏಳು ವರ್ಷವಾಯಿತು. ಬಂದಾಗ ಎಲ್ಲವೂ ತಿಳಿದಂತಿತ್ತು. ಈಗ ಓದಿದಷ್ಟೂ ಗೊಂದಲ. ನನ್ನ ಜೊತೆ ಬಂದವರು ಯಾವ ಪ್ರಶ್ನೆಗೂ ತಡವರಿಸದೆ ಉತ್ತರ ಕೊಡುತ್ತಾರೆ. ಹಿಂದೆ ಬಿದ್ದವನು ನಾನೊಬ್ಬನೇ ಏನು?"

ಗುರುಗಳು ಒಂದು ಕತೆ ಹೇಳಿದರು.

ಮಂಗಳ ಗ್ರಹದ ಮೇಲೆ ಆರು ಚಕ್ರದ ಒಂದು ಬಂಡಿ ಓಡಾಡುತ್ತಿತ್ತು. ಅದರಲ್ಲಿ ಮನುಷ್ಯರಿರಲಿಲ್ಲ. ಭೂಮಿಯಿಂದ ಹೇಳಿ ಕಳಿಸಿದಂತೆ ಅದು ನಡೆಯುತ್ತಿತ್ತು. ಬಂಡಿಯನ್ನು ಕಳಿಸಿದವರು ಅದು ತೆಗೆದ ಚಿತ್ರಗಳನ್ನೂ ಚಕ್ರ ಎಷ್ಟು ಸುತ್ತು ತಿರುಗಿತೆಂಬ ಅಂಕಿಯನ್ನೂ ದಿನವೂ ಎಲ್ಲರಿಗೂ ಕಾಣುವಂತೆ ಇಡುತ್ತಿದ್ದರು. ಬಂಡಿ ಎಲ್ಲಿದೆ ಎಂದು ತೋರಿಸುವ ನಕ್ಷೆಯನ್ನು ಮಾತ್ರ ತಿಂಗಳಿಗೊಮ್ಮೆ ಕೊಡುತ್ತಿದ್ದರು.

ತಿಂಗಳವರೆಗೆ ಕಾಯಲಾರದ ಕೆಲವರು ನಮ್ಮ ಕಡೆಯಲ್ಲಿದ್ದರು. ನಕ್ಷೆ ಬರೆಯುವ ಒಂದು ಮುಕ್ತ ತಂತ್ರಾಂಶವಿತ್ತು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ಬಲ್ಲವರು ಅದನ್ನೇ ತಿದ್ದಲೂಬಹುದು. ಅದರಲ್ಲಿ ಮಂಗಳದ ನೆಲವನ್ನು ಹರಡಿಕೊಂಡು ಬಂಡಿ ಹೋದ ದಾರಿಯನ್ನು ಅವರೇ ಚುಕ್ಕೆಯಿಟ್ಟು ಗುರುತಿಸುತ್ತಿದ್ದರು. ಒಟ್ಟು ಹದಿನಾಲ್ಕು ಜನರ ಗುಂಪು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಫೋನಿನಲ್ಲೇ ಮಾತು, ಫೋನಿನಲ್ಲೇ ಸ್ನೇಹ.

ಅವರಿಗೆಲ್ಲ ಹಿರಿಯ ಮಹಾರುದ್ರಪ್ಪನೆಂಬ ನಿವೃತ್ತ ಭೂಮಾಪಕ. ಚಕ್ರದ ಸುತ್ತಿನಿಂದ ಹೋದ ದೂರವನ್ನು ಲೆಕ್ಕ ಹಾಕಿ ಚುಕ್ಕೆ ಇಡುವವನು ಅವನೇ. ಎರಡು ವರ್ಷದಲ್ಲಿ ಅವನ ಚುಕ್ಕೆ ಹತ್ತು ಹೆಜ್ಜೆಗಿಂತ ಹೆಚ್ಚು ತಪ್ಪಿರಲಿಲ್ಲ. ಇನ್ನೊಬ್ಬಳು ಖತೀಜಾ. ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಅವಳಿಗೆ ಲೆಕ್ಕ ಬಾರದು. ಚಿತ್ರ ನೋಡುವುದು ಬರುತ್ತಿತ್ತು.

ಮಂಗಳದಲ್ಲಿ ಚಳಿಗಾಲ ಹತ್ತಿರವಾಯಿತು. ಬಂಡಿ ನಡೆಯುವುದು ಬಿಸಿಲಿನ ಬಲದಿಂದ. ಚಳಿಗಾಲಕ್ಕೆ ಮೊದಲು ಬಿಸಿಲು ಬೀಳುವ ಒಂದು ಗುಡ್ಡದ ಇಳಿಜಾರನ್ನು ಅದು ಸೇರಬೇಕಿತ್ತು. ಸೇರದಿದ್ದರೆ ಅಲ್ಲಿಗೆ ಮುಗಿಯಿತು. ಹದಿನಾಲ್ಕು ಜನರೂ ದಿನ ಎಣಿಸುತ್ತಿದ್ದರು. ಮನೆಯವರು ದೂರದ ಪ್ರಯಾಣ ಹೋದಾಗ ಎಣಿಸುವ ಹಾಗೆ.

ಮಹಾರುದ್ರಪ್ಪ ಒಂಬತ್ತು ದಿನ ಒಂಬತ್ತು ಚುಕ್ಕೆ ಇಟ್ಟ. ಒಂಬತ್ತನೆಯದು ಇಳಿಜಾರಿನ ಬುಡ ಮುಟ್ಟಿತು. "ಬಂಡಿ ತಲುಪಿತು" ಎಂದು ಬರೆದ. ಎಲ್ಲರಿಗೂ ಸಂತೋಷವಾಯಿತು. ಒಬ್ಬ ತನ್ನ ಬೀದಿಗೆಲ್ಲ ಮೈಸೂರುಪಾಕು ಹಂಚಿದ.

ಖತೀಜಾ ಆ ದಿನದ ಚಿತ್ರವನ್ನೂ ಒಂಬತ್ತು ದಿನ ಹಿಂದಿನದನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. ಮುರಿದ ಮೂಳೆ ಕೂಡಿದೆಯೇ ಎಂದು ಅವಳು ನೋಡುತ್ತಿದ್ದುದು ಹಾಗೆ. ಗುಡ್ಡ ಎಷ್ಟಿತ್ತೋ ಅಷ್ಟೇ ಇತ್ತು. ಹತ್ತಿರ ಹೋದರೆ ದೊಡ್ಡದಾಗಬೇಕಲ್ಲ? ಚಿತ್ರದ ತಾರೀಖು ಅದಲುಬದಲಾಗಿದೆಯೇನೋ ಎಂದುಕೊಂಡಳು. ಆಗಿರಲಿಲ್ಲ. ತನ್ನ ಕಣ್ಣೇ ತಪ್ಪಿರಬೇಕೆಂದು ಮರುದಿನ ಮತ್ತೆ ನೋಡಿದಳು. ಮೂರು ಸಲ ಲೆಕ್ಕ ಹಾಕಲು ಹೋಗಿ ಮೂರು ಬೇರೆ ಉತ್ತರ ಬಂತು. ಕೊನೆಗೆ ನಕ್ಷೆಯಲ್ಲಿ, ಒಂಬತ್ತು ಚುಕ್ಕೆಗಳ ಹಿಂದೆ, ಒಂಬತ್ತು ದಿನದ ಕೆಳಗೆ ಬಂಡಿ ಇದ್ದ ಬರಿಯ ಮರಳಿನ ಮೇಲೆ ಒಂದು ಪ್ರಶ್ನೆಚಿಹ್ನೆ ಇಟ್ಟಳು.

ಮಹಾರುದ್ರಪ್ಪ ಅವಳಿಗೆ ಫೋನು ಮಾಡಿದ. "ನೋಡಮ್ಮ, ಮೂವತ್ತೈದು ವರ್ಷ ಸರಪಳಿ ಹಿಡಿದು ನೆಲ ಅಳೆದವನು ನಾನು. ಚಕ್ರ ತಿರುಗಿದ ಅಂಕಿ ಕಣ್ಣಮುಂದಿದೆ. ಅಂಕಿ ಸುಳ್ಳೆನ್ನುತ್ತೀಯಾ?"

"ಇಲ್ಲ ಸರ್. ಅಂಕಿ ಸುಳ್ಳಲ್ಲ. ಚಿತ್ರಾನೂ ಸುಳ್ಳಲ್ಲ. ಎರಡೂ ನಿಜ ಆಗೋದು ಹೇಗೆ ಅಂತ ನನಗೆ ತಿಳೀತಿಲ್ಲ."

"ತಿಳಿಯದಿದ್ದರೆ ನಕ್ಷೆ ಕೆಡಿಸಬಾರದು" ಎಂದು ಅವನು ಪ್ರಶ್ನೆಚಿಹ್ನೆಯನ್ನು ಅಳಿಸಿದ.

ಅವಳು ಮತ್ತೆ ಇಟ್ಟಳು. ಉಳಿದವರು ನಕ್ಕರು. ಒಬ್ಬ ಒರಟಾಗಿ ಬರೆದ. ಮಹಾರುದ್ರಪ್ಪ ಎರಡನೆಯ ಸಲ ಅಳಿಸಿದ ಮೇಲೆ ಖತೀಜಾ ಗುಂಪು ಬಿಟ್ಟಳು. ಮನೆಯಲ್ಲಿ ಒಬ್ಬಳೇ ದಿನವೂ ಚಿತ್ರಗಳನ್ನು ನೋಡುತ್ತಿದ್ದಳು, ದಿನವೂ ಗುಡ್ಡ ಅಷ್ಟೇ ಇರುತ್ತಿತ್ತು. ತನಗೇ ಏನೋ ಆಗಿದೆಯೆಂದು ಕಣ್ಣಿನ ಡಾಕ್ಟರ ಬಳಿಗೂ ಹೋಗಿ ಬಂದಳು.

ತಿಂಗಳ ನಕ್ಷೆ ಬಂತು. ಬಂಡಿ ಮರಳಿನಲ್ಲಿ ಹೂತುಕೊಂಡಿತ್ತು. ಒಂಬತ್ತು ದಿನ ಚಕ್ರ ತಿರುಗಿದ್ದು ನಿಂತಲ್ಲಿಯೇ. ಬಂಡಿಯನ್ನು ಕಳಿಸಿದವರು ಅದನ್ನು ಬಿಡಿಸಲು ಪಟ್ಟ ಪಾಡೆಲ್ಲ ವ್ಯರ್ಥವಾಯಿತು. ಬಿಸಿಲು ದಿನದಿನಕ್ಕೆ ಓರೆಯಾಯಿತು. ಒಂದು ದಿನ ಚಿತ್ರ ಬರಲಿಲ್ಲ. ಮುಂದೆಂದೂ ಬರಲಿಲ್ಲ.

ಮಹಾರುದ್ರಪ್ಪ ಎರಡು ದಿನ ಊಟ ಬಿಟ್ಟ. ಒಂಬತ್ತು ಚುಕ್ಕೆಗಳನ್ನು ತಾನೇ ಅಳಿಸಿದ. ಆಮೇಲೆ ಬಸ್ಸು ಹತ್ತಿ ಖತೀಜಾ ಇದ್ದ ಆಸ್ಪತ್ರೆಗೆ ಹೋದ. ಎಕ್ಸ್‌ರೇ ಕೋಣೆಯ ಮುಂದೆ ರೋಗಿಗಳ ಸಾಲಿತ್ತು. ಅದರಲ್ಲೇ ನಿಂತ. ಸರದಿ ಬಂದಾಗ ಅವಳು ಗುರುತಿಸದೆ, "ಚೀಟಿ ಕೊಡಿ, ಎಲ್ಲಿ ನೋವು?" ಎಂದಳು.

ಅವನು ತನ್ನ ಹೆಸರು ಹೇಳಿದ. "ನಿನ್ನ ಪ್ರಶ್ನೆಚಿಹ್ನೆಯನ್ನು ಎರಡು ಸಲ ಅಳಿಸಿದೆ. ತಪ್ಪಾಯಿತಮ್ಮ" ಎಂದ.

ಖತೀಜಾ ಗಾಬರಿಯಾಗಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಕುಡಿಯಲು ನೀರು ಕೊಟ್ಟಳು. ಬಂಡಿಯ ಮಾತು ಬಂದಾಗ ಇಬ್ಬರ ಕಣ್ಣೂ ತುಂಬಿದವು. ಹೊರಗೆ ಸಾಲಿನಲ್ಲಿದ್ದವರು ಬಾಗಿಲು ತಟ್ಟಿದರು. ಅವನು ಎದ್ದ. ಆ ಸಂಜೆ ಅವಳ ಹೆಸರು ಮತ್ತೆ ಗುಂಪಿಗೆ ಸೇರಿತು.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪನ ಮುಖದಲ್ಲಿ ಬೆಳಕು ಮೂಡಿತು. "ಅರ್ಥವಾಯಿತು ಗುರುಗಳೇ. ಎಲ್ಲರೂ ತಪ್ಪು ತಿಳಿದಾಗ ಆ ಹೆಂಗಸಿಗೆ ಒಬ್ಬಳಿಗೇ ನಿಜ ಗೊತ್ತಿತ್ತು" ಎಂದ.

"ಇಲ್ಲಪ್ಪ, ಅವಳಿಗೆ ಗೊಂದಲವಾಗಿತ್ತು" ಎಂದರು ಗುರುಗಳು.