ಹನ್ನೆರಡನೆಯ ಮೆಣಸಿನ ಗಿಡ

ಹೊಳೆದಂಡೆಯ ಮಠದಲ್ಲಿ ಆ ಶ್ರಾವಣ ಒಂದು ಗಂಭೀರ ಘಟನೆ ನಡೆಯಿತು. ಮಧ್ಯಾಹ್ನದ ಸಾರಿನಲ್ಲಿ ಖಾರ ಇರಲಿಲ್ಲ.

ಉಂಡವನು ಶಿಷ್ಯ ಚನ್ನಮಲ್ಲ ಒಬ್ಬನೇ. ಹಾಗಾಗಿ ಗಲಾಟೆಯಾಗಲಿಲ್ಲ.

ಗುರು ಅಡವಯ್ಯನವರು ಆಚೆ ದಡದ ಊರಿಗೆ ಹೋಗಿದ್ದರು. ಅಷ್ಟರಲ್ಲಿ ಹೊಳೆ ಏರಿ ಉಗ್ರಾಣಕ್ಕೆ ಬಂದು, ಒಣಮೆಣಸಿನಕಾಯಿಯ ಚೀಲವನ್ನೂ ಬೀಜದ ಗಡಿಗೆಯನ್ನೂ ಒಯ್ದಿತ್ತು. ಆ ಬೀಜ ಗುರುಗಳ ಗುರುಗಳ ಕಾಲದ್ದು. ಬೇರೆಲ್ಲೂ ಇರಲಿಲ್ಲ.

ಇನ್ನು ಉಳಿದದ್ದು ಹಿತ್ತಲಿನಲ್ಲಿದ್ದ ಅದೇ ಬೀಜದ ಹನ್ನೆರಡು ಗಿಡ. ಹೋಗುವಾಗ ಗುರುಗಳು ಅವನ್ನು ಚನ್ನಮಲ್ಲನಿಗೆ ಒಪ್ಪಿಸಿದ್ದರು. ಈಗ ಅವು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದವು.

ಚನ್ನಮಲ್ಲ ಕಾಲುವೆ ತೋಡಿದ. ಅದೇ ಕಾಲುವೆಯಿಂದ ಹೊಳೆ ಇನ್ನಷ್ಟು ನೀರು ಕಳಿಸಿತು. ಮುಚ್ಚಿದ.

ಮೂರನೆಯ ದಿನ, ನೀರಿನಲ್ಲೇ ನಿಂತ ಗಿಡಗಳು ಬಾಯಾರಿದವರಂತೆ ಎಲೆ ಜೋಲಿಸಿದವು. ಕಾಂಡಕ್ಕೆ ನೀರು ತಾಗುವಲ್ಲಿ ಬಿಳಿಯ ಎಳೆಗಳು ಕಾಣಿಸಿಕೊಂಡವು. ಕೊಳೆರೋಗ ಎಂದು ಅವನು ತೀರ್ಮಾನಿಸಿದ.

ಅಂದಿನಿಂದ ದಿನಾ ನಸುಕಿನಲ್ಲಿ ಒದ್ದೆಬಟ್ಟೆ ಹಿಡಿದು ನೀರಿಗಿಳಿದ. ಮಂಜು ಕವಿದಿರುತ್ತಿತ್ತು. ಗಿಡಗಳ ನಡುವಿನ ನೀರಿನಲ್ಲಿ ಮೋಡಗಳು ತೇಲುತ್ತಿದ್ದವು. ಕಾಲಿಟ್ಟದ್ದು ಹಿತ್ತಲಿಗೋ ಆಕಾಶಕ್ಕೋ ಎಂದು ಅವನಿಗೇ ತಿಳಿಯುತ್ತಿರಲಿಲ್ಲ. ಲಿಂಗ ತೊಳೆಯುವಂತೆ ಮಂತ್ರ ಹೇಳುತ್ತ ಒಂದೊಂದು ಕಾಂಡವನ್ನೂ ಒರೆಸಿ ಶುಭ್ರ ಮಾಡಿದ. ಮರುದಿನ ಮತ್ತೆ ಬಿಳಿ ಎಳೆ. ಮತ್ತೆ ಒರೆಸಿದ.

ಮೂಲೆಯ ಗಿಡವೊಂದನ್ನು ಬಿಟ್ಟ. ಅದರ ಬುಡಕ್ಕೆ ಒಂದು ಹಾವು ಸುತ್ತಿಕೊಂಡಿತ್ತು.

ಎಂಟನೆಯ ದಿನ ಗುರುಗಳು ಹರಿಗೋಲಿನಲ್ಲಿ ಬಂದಿಳಿದರು. ಹನ್ನೊಂದು ಗಿಡ ಕಪ್ಪಗಾಗಿ ನಿಂತಿದ್ದವು. ಮೂಲೆಯದು ಎಲೆ ಹಳದಿ ಮಾಡಿಕೊಂಡಿತ್ತು. ಅದರ ಹೂಗಳು ಕೆಲವು ಉದುರಿ ನೀರಿನ ಮೇಲೆ ತೇಲುತ್ತಿದ್ದವು. ತುದಿ ಮಾತ್ರ ಹಸಿರು.

ಚನ್ನಮಲ್ಲ ತನ್ನ ಸೇವೆಯನ್ನೆಲ್ಲ ವಿವರಿಸಿದ. ಗುರುಗಳು ಪೂರ್ತಿ ಕೇಳಿಸಿಕೊಂಡು, ಮೂಲೆಯ ಗಿಡ ತೋರಿಸಿದರು.

"ಇದನ್ನ ಯಾಕ ತೊಳೀಲಿಲ್ಲ, ತಮ್ಮಾ?"

"ಬುಡದಾಗ ಹಾವಿತ್ರಿ ಅಜ್ಜಾರ. ಅದರ ಧ್ಯಾನ ಕೆಡಸಬಾರದಂತ..."

"ಅಂಜಿದ್ಯೇನು?"

"ಅಂಜಿದ್ನಿರಿ."

ಹಾವು ಈಗ ಇರಲಿಲ್ಲ. ಗುರುಗಳು ಬಗ್ಗಿ, ಶಿಷ್ಯನ ಬೆರಳು ಹಿಡಿದು ಕಾಂಡಕ್ಕೆ ಮುಟ್ಟಿಸಿದರು. ಬಿಳಿ ಎಳೆಗಳು ಗೇಣುದ್ದ ಬೆಳೆದು ನೀರಿನ ಮೇಲೆ ಹರಡಿಕೊಂಡಿದ್ದವು.

"ಕೆಳಗಿನ ಬೇರಿಗೆ ಉಸಿರು ಕಟ್ಟೈತಿ. ಅದಕ್ಕ ಮ್ಯಾಲೆ ಹೊಸಾ ಬೇರು ಬಿಟ್ಟೈತಿ."

ಚನ್ನಮಲ್ಲ ಉಳಿದ ಹನ್ನೊಂದರ ಕಡೆ ನೋಡಿದ. ಕಾಂಡಗಳು ಬಹಳ ಶುಭ್ರವಾಗಿದ್ದವು.

ಇನ್ನು ತಾನೇನು ಸೇವೆ ಮಾಡಲಿ ಎಂದು ಕೇಳಿದ. ಗುರುಗಳು ಅವನ ಕೈಯಿಂದ ಬಟ್ಟೆ ತೆಗೆದುಕೊಂಡು, ಹಿಂಡಿ, ತಮ್ಮ ಮುಖ ಒರೆಸಿಕೊಂಡರು. ಒಗೆಯುವ ಕಲ್ಲನ್ನು ತೋರಿಸಿದರು.

"ಅಲ್ಲಿ ಕೂಡು. ಕೈ ತೊಡೀ ಮ್ಯಾಲೆ ಇರಲಿ."

ದಿನವೂ ಅಲ್ಲೇ ಕೂತ. ಹಾವು ಒಮ್ಮೆ ಬಂದು ಅವನನ್ನು ನೋಡಿ ಹೋಯಿತು. ಅರ್ಧದಷ್ಟು ಎಲೆ ಉದುರಿತು. ಪ್ರತಿ ಎಲೆಗೂ ಅವನ ಕೈ ಎದ್ದು, ಮತ್ತೆ ತೊಡೆಗೆ ಬಂತು. ಕೊನೆಯ ಹೂವೂ ಬಿದ್ದ ದಿನ ಓಡಿಹೋಗಿ ಗುರುಗಳಿಗೆ ಹೇಳಿದ.

"ಹೂವಿಲ್ಲಂದ್ರ ಬೀಜ ಎಲ್ಲಿಂದ ಬರಬೇಕ್ರಿ?"

"ಅದೀಗ ಕಾಲು ಮಾಡ್ಕೊಳ್ಳಾಕತ್ತೈತಿ. ಹೂವು ಕೇಳಬ್ಯಾಡ."

ಅವನು ಕಲ್ಲಿಗೆ ಮರಳಿದ. ನಿಧಾನವಾಗಿ ಹಿತ್ತಲಿನ ಆಕಾಶ ಇಂಗಿತು, ಮಣ್ಣು ಕಂಡಿತು.

ಕಾರ್ತಿಕದಲ್ಲಿ ಗಿಡ ಮತ್ತೆ ಹೂ ಬಿಟ್ಟಿತು. ಮುಂದೆ ಒಂಬತ್ತು ಕಾಯಿ ಹಣ್ಣಾದವು. ಎಂಟನ್ನು ಬೀಜಕ್ಕೆಂದು ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ಜಂತಿಗೆ ತೂಗಿಹಾಕಿದರು. ಒಂಬತ್ತನೆಯದು ಸಾರಿಗೆ ಬಿತ್ತು.

ಗುರುಗಳು ಕಲಸಿ ಒಂದು ತುತ್ತು ಉಂಡರು. ಕಣ್ಣಲ್ಲಿ ನೀರು ಬಂತು. ಚನ್ನಮಲ್ಲ ತೊಡೆಯ ಮೇಲೆ ಕೈಯಿಟ್ಟುಕೊಂಡು ಕಾದ.

"ಖಾರ ಐತಿ," ಅಂದರು.