ಪೆದ್ದ ಪಾಲಾಕ್ಷನ ಭಾನುವಾರ

ಬನ್ರಪ್ಪ, ಬನ್ರವ್ವ, ಹತ್ತಿರ ಕೂತ್ಕೊಳ್ರಿ. ಕೈಯಲ್ಲಿ ಕೆಲಸ ಇದ್ದರೆ ಕೆಳಗಿಡಿ. ಈ ಕತೆ ಕೆಲಸ ಮಾಡುತ್ತಾ ಕೇಳುವಂಥದ್ದಲ್ಲ.

ಒಂದು ಊರು. ಊರ ತುಂಬ ಮಂಡಕ್ಕಿ ಭಟ್ಟಿ. ಕಾದ ಮರಳಲ್ಲಿ ಅಕ್ಕಿ ಹುರಿದರೆ ಮಂಡಕ್ಕಿ ಆಗುತ್ತದೆ, ಹುರಿಯುವವರು ಸೌದೆ ಆಗುತ್ತಾರೆ. ಆ ಊರಲ್ಲಿ ಓಬಕ್ಕ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಪಾಲಾಕ್ಷ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು. ಬುದ್ಧಿ ಮಾತ್ರ ಬರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅವನಿಗಿದ್ದ ರೋಗ.

ಭಟ್ಟಿಯ ಧಣಿ ಮುರುಗೇಂದ್ರಪ್ಪ. ಅವನ ಭಟ್ಟಿಯಲ್ಲಿ ಭಾನುವಾರ ರಜಾ. ಹಾಗಂತ ಗೋಡೆ ಮೇಲೆ ಬರೆಸಿದ್ದ. ಆದರೆ ಪ್ರತಿ ಭಾನುವಾರ ಮೇಸ್ತ್ರಿ ಚೌಡಪ್ಪ ಬೀದಿಗೆ ಬರುತ್ತಿದ್ದ. "ಬೂದಿ ತೆಗೆಯೋದೈತೆ, ಮರಳು ಜರಡಿ ಹಿಡಿಯೋದೈತೆ, ಅರ್ಧ ಗಂಟೆ ಬರ್ರೋ!" ಧಣಿಯ ಗಡಿಯಾರದಲ್ಲಿ ಅರ್ಧ ಗಂಟೆ ಅಂದರೆ ಹೊತ್ತು ಮುಳುಗುವ ತನಕ. ಕೂಲಿ? ರಜಾ ದಿನಕ್ಕೆ ಎಂಥ ಕೂಲಿ!

ಪಾಲಾಕ್ಷನ ಅಪ್ಪ ಹೀಗೇ ಇಪ್ಪತ್ತು ವರ್ಷ ಹೋದ. ಒಂದು ಭಾನುವಾರವೂ ಕೂರಲಿಲ್ಲ. ಎದೆ ತುಂಬ ಹೊಗೆ ತುಂಬಿಕೊಂಡು ಒಂದು ಸೋಮವಾರ ಸತ್ತ. ಈಗ ಮಗನೂ ಕೆಮ್ಮುತ್ತಿದ್ದ. ಓಬಕ್ಕ ಆ ಕೆಮ್ಮು ಕೇಳಿದಳು. ಬೇರೆ ಏನೂ ಬೇಡ, ಮಗ ಒಂದು ಭಾನುವಾರ, ಒಂದೇ ಒಂದು ಇಡೀ ಭಾನುವಾರ ಹಾಯಾಗಿ ಬಿದ್ದುಕೊಳ್ಳಲಿ ಅಂತ ಹಟ ಹಿಡಿದಳು.

ದುಡ್ಡಿದ್ದವರು ದಣಿವಾರಿಸಿಕೊಳ್ಳಲು ಊರೂರು ತಿರುಗುತ್ತಾರೆ. ಓಬಕ್ಕ ಕೂಡಿಸಿದ್ದು ಇಷ್ಟು: ಒಂದು ಬಟ್ಟಲು ಹರಳೆಣ್ಣೆ, ಒಂದು ಹಂಡೆ ಬಿಸಿನೀರು, ಒಂದು ಮೊರ ಮಂಡಕ್ಕಿ, ಹಿತ್ತಲಲ್ಲಿ ಹೊಂಗೆ ಮರದ ನೆರಳು.

"ಲೇ ಪಾಲಾಕ್ಷ, ಇವತ್ತು ಭಾನುವಾರ. ಕಾಲು ಚಾಚ್ಕೊಂಡು ಕೂತಿರು. ಯಾವ ಕೆಲಸಕ್ಕೂ ಕೈ ಹಚ್ಚಬೇಡ. ಕೇಳಿಸ್ತಾ?"

"ಕೇಳಿಸ್ತವ್ವ! ಹಂಗೇ ಮಾಡ್ತೀನಿ!"

ಓಬಕ್ಕ ನೀರಿಗೆ ಹೋದಳು. ಪಾಲಾಕ್ಷ ಕಾಲು ಚಾಚಿದ, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡ. ಪಕ್ಕದ ಮನೆ ಮೇಕೆ ಬಂತು. ಮೊರಕ್ಕೆ ಬಾಯಿ ಹಾಕಿತು. ಕರುಮ್ ಕರುಮ್ ಅಂತ ತಿಂದಿತು. ಇವನು ನೋಡಿದ. ಅದು ತಿಂದಿತು. ಇವನು ನೋಡಿದ.

ಓಬಕ್ಕ ಬಂದು ಕೊಡ ಕುಕ್ಕಿದಳು. "ಅಯ್ಯೋ ನಿನ್ನ ಮನೆ ಕಾಯ್ವಾಗ! ಅರ್ಧ ಮೊರ ಖಾಲಿ! ನೋಡ್ಕೊಂಡು ಕೂತಿದೀಯಲ್ಲೋ?"

"ಮೇಕೆ ಓಡಿಸೋದೂ ಕೆಲಸ ತಾನೆ ಅವ್ವ?"

"ಪೆದ್ದ! ನಮ್ಮ ಮಂಡಕ್ಕಿಗೆ ಯಾರೇ ಬಾಯಿ ಹಾಕಲಿ, ಕೋಲು ತಗೊಂಡು 'ಹೋಗ್! ನಿಂದೇನೈತೆ ಇಲ್ಲಿ!' ಅಂತ ಅಟ್ಟಬೇಕು ಕಣೋ!"

"ಆಗ್ಲವ್ವ! ಹಂಗೇ ಮಾಡ್ತೀನಿ!"

ಓಬಕ್ಕ ಈರುಳ್ಳಿ, ಮೆಣಸಿನಕಾಯಿ ತರಲು ಹೋದಳು. ಅಷ್ಟರಲ್ಲಿ ಸೋದರತ್ತೆ ಗೌರಕ್ಕ ಬಂದಳು. ಬಿಸಿಲಲ್ಲಿ ನಡೆದು ಬಂದಿದ್ದಳು. "ಚೆನ್ನಾಗಿದೀಯೇನೋ ಅಳಿಯ?" ಅನ್ನುತ್ತಾ ಕೂತಳು, ಮೊರದಿಂದ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿದಳು.

ಪಾಲಾಕ್ಷ ಕೋಲು ಎತ್ತಿದ. "ಹೋಗ್! ನಿಂದೇನೈತೆ ಇಲ್ಲಿ!"

"ಲೋ, ನಾನು ಕಣೋ, ನಿಮ್ಮತ್ತೆ!"

"ಹೋಗ್! ಹೋಗ್!"

ಗೌರಕ್ಕ ಚಪ್ಪಲಿ ಬಿಟ್ಟು ಓಡಿದಳು. ಬೀದಿ ತಿರುವಿನಲ್ಲಿ ಓಬಕ್ಕನ ಮುಂದೆ ಗೋಳೋ ಅಂತ ಅತ್ತಳು. ಓಬಕ್ಕ ಮನೆಗೆ ಬಂದು ಹಣೆ ಚಚ್ಚಿಕೊಂಡಳು.

"ಮೇಕೆಗೂ ಅತ್ತೆಗೂ ವ್ಯತ್ಯಾಸ ಗೊತ್ತಾಗಲ್ಲೇನೋ? ಬಾಗಿಲಿಗೆ ಬಂದವರನ್ನ ಕೈ ಹಿಡಿದು ಒಳಗೆ ಕರೀಬೇಕು. ಚಾಪೆ ಹಾಸಬೇಕು. ತಲೆಗೆ ಎಣ್ಣೆ ಹಚ್ಚಿ ನೀರು ಹಾಕಬೇಕು, ತಿನ್ನೋಕೆ ಕೊಡಬೇಕು. ಹೋಗ್ತೀನಿ ಅಂದರೆ 'ಇವತ್ತು ಹೋಗೋ ಹಂಗಿಲ್ಲ' ಅನ್ನಬೇಕು!"

"ಆಗ್ಲವ್ವ! ಹಂಗೇ ಮಾಡ್ತೀನಿ!"

ಓಬಕ್ಕ ನಾದಿನಿಯನ್ನು ಸಮಾಧಾನ ಮಾಡಲು ಹೋದಳು. ಈಗ ಬಾಗಿಲಿಗೆ ಬಂದವನು ಯಾರು? ಮೇಸ್ತ್ರಿ ಚೌಡಪ್ಪ!

"ಪಾಲಾಕ್ಷ, ಏಳಲೇ! ಅರ್ಧ ಗಂಟೆ ಬಾ!"

ಪಾಲಾಕ್ಷ ಎದ್ದ. ಮೇಸ್ತ್ರಿಯ ಕೈ ಹಿಡಿದ. ಒಳಗೆ ಎಳೆದ. ಚಾಪೆ ಹಾಸಿ ಕೆಡವಿದ. ತಲೆ ಮೇಲೆ ಬಟ್ಟಲೆಣ್ಣೆ ಸುರಿದು ತಟ್ಟತೊಡಗಿದ.

"ಬಿಡಲೇ! ಧಣಿ ಕಾಯ್ತಾರೆ!"

"ಇವತ್ತು ಹೋಗೋ ಹಂಗಿಲ್ಲ!"

ಮೇಸ್ತ್ರಿ ಒದರಿದ, ಕೊಸರಿದ. ಆಮೇಲೆ ಒದರಾಟ ಸಣ್ಣಗಾಯಿತು. ಕರೆಯುವವನಿಗೂ ಹದಿನೈದು ವರ್ಷದಿಂದ ಭಾನುವಾರ ಇರಲಿಲ್ಲ, ನೋಡಿ. ಹಂಡೆ ನೀರು ಮೈಮೇಲೆ ಬಿತ್ತು. ಉಳಿದ ಮಂಡಕ್ಕಿ ಹೊಟ್ಟೆಗೆ ಹೋಯಿತು. ಹೊಂಗೆ ನೆರಳಲ್ಲಿ ಚೌಡಪ್ಪ ಗೊರಕೆ ಹೊಡೆದ. ಕರೆಯಲು ಮೇಸ್ತ್ರಿ ಇಲ್ಲದೆ ಆವತ್ತು ಇಡೀ ಬೀದಿ ಮನೆಯಲ್ಲೇ ಉಳಿಯಿತು.

ಓಬಕ್ಕ ಬಂದು ನೋಡಿ ಖಾಲಿ ಬಟ್ಟಲು ಎತ್ತಿಕೊಂಡಳು. "ನಿನಗಂತ ಇಟ್ಟ ಎಣ್ಣೆ ಹೋಯ್ತು! ನೀರು ಹೋಯ್ತು! ಮಂಡಕ್ಕಿ ಹೋಯ್ತು! ನಾಳೆ ಕೆಲಸಾನೂ ಹೋಗ್ತದೆ! ಕೇಳಿಲ್ಲಿ, ನಾಳೆ ಧಣಿ ಬೈತಾರೆ. ಎದುರು ಮಾತಾಡಬೇಡ. ಅವರ ಬಾಯಿಂದ ಏನು ಬರುತ್ತೋ ಅದನ್ನ ಆ ಕ್ಷಣ ಮಾಡು."

"ಆಗ್ಲವ್ವ! ಹಂಗೇ ಮಾಡ್ತೀನಿ!"

ಸೋಮವಾರ ಹತ್ತು ಒಲೆ ಧಗಧಗ ಉರಿಯುತ್ತಿದ್ದವು. ಧಣಿ ಅದಕ್ಕಿಂತ ಜೋರಾಗಿ ಉರಿಯುತ್ತಾ ಬಂದ.

"ನಿಮಗೆ ಭಾನುವಾರ ಬೇಕೇನ್ರೋ? ಸೋಮವಾರ ಯಾಕೆ ಬಿಟ್ರಿ? ಬೆಂಕಿಗೆ ನೀರು ಹಾಕಿ, ಎಲ್ಲ ಮನೆಗೆ ಹೋಗಿ ಮಲಗ್ರೋ!"

ಪಾಲಾಕ್ಷ ಎದುರು ಮಾತಾಡಲಿಲ್ಲ. ಕೊಡ ಎತ್ತಿದ. ಮೊದಲ ಒಲೆಗೆ ಸುರಿದ. ಚೊಯ್ಯ್! ಎರಡನೆಯದಕ್ಕೆ ಸುರಿದ. ಚೊಯ್ಯ್! ಭಟ್ಟಿ ತುಂಬ ಆವಿ, ಆವಿಯೊಳಗೆ ಧಣಿಯ ಕೂಗು. "ಲೇ! ಲೇ! ಲೇ!" 'ಲೇ' ಅಂದರೆ ಏನು ಮಾಡಬೇಕು ಅಂತ ಓಬಕ್ಕ ಹೇಳಿಕೊಟ್ಟಿರಲಿಲ್ಲ. ಹತ್ತೂ ಒಲೆ ಆರಿದವು. ಪಾಲಾಕ್ಷ ಮನೆಗೆ ಹೋಗಿ ಮಲಗಿದ.

ಪಕ್ಕದ ಒಲೆಯ ಮಹಬೂಬಿ ಸೌಟು ಕೆಳಗಿಟ್ಟಳು. "ಧಣಿ ಹೇಳಿದ್ದು ನಾನೂ ಕೇಳಿಸ್ಕೊಂಡೆ. ಎಲ್ಲ ಮಲಗ್ರಿ ಅಂದ್ರು. ನಡೀರಿ." ಎಲ್ಲರೂ ನಡೆದರು.

ಮಂಗಳವಾರ ಮಲಗಿದರು. ಬುಧವಾರ ಮಲಗಿದರು. ಮಂಡಕ್ಕಿ ಒಯ್ಯುವ ಧಣಿಯ ಲಾರಿ ಖಾಲಿ ನಿಂತಿತು. ಗುರುವಾರ ಧಣಿ ತಾನೇ ಬೀದಿಗೆ ಬಂದ. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಏಳ್ರಪ್ಪ, ಸಾಕು!"

"ಭಾನುವಾರ ಕರೆಯಲ್ಲ ಅನ್ರಿ, ಏಳ್ತೀವಿ," ಅಂದಳು ಮಹಬೂಬಿ.

ಧಣಿ ಹಲ್ಲು ಕಡಿದ. "ಕರೆಯಲ್ಲ. ಏಳ್ರಿ!"

ಗೆದ್ದ ಬೀದಿ ನಕ್ಕಿತು. ಓಬಕ್ಕ ಮಾತ್ರ ಮಗನ ಕಿವಿ ಹಿಂಡಿದಳು. "ಉರಿಯೋ ಒಲೆಗೆ ಯಾರಾದ್ರೂ ನೀರು ಹಾಕ್ತಾರೇನೋ? ಮೂರು ದಿನ ಬರೀ ಗಂಜಿ ಕುಡಿದ್ವಿ! ಇನ್ನು ಯಾರ ಮಾತೂ ಕೇಳಬೇಡ. ಭಾನುವಾರ ಬಂದರೆ ಎಲ್ಲಿ ತಂಪಾಗೈತೋ ಅಲ್ಲಿ ಬಿದ್ಕೋ. ಯಾರು ಎಬ್ಬಿಸಿದರೂ ಏಳಬೇಡ."

"ಆಗ್ಲವ್ವ! ಹಂಗೇ ಮಾಡ್ತೀನಿ!"

ಭಾನುವಾರ ಬಂತು. ಓಬಕ್ಕ ಮತ್ತೆ ಎಣ್ಣೆ ಕಡ ತಂದಳು. ಬಂದು ನೋಡಿದರೆ ಮಗನೇ ಇಲ್ಲ! ಹೊಂಗೆ ನೆರಳಿಗಿಂತ ತಂಪಾದ ಜಾಗ ಹುಡುಕಿಕೊಂಡು ಹೋಗಿದ್ದ. ಊರಲ್ಲೆಲ್ಲ ತಂಪಾದದ್ದು ಧಣಿಯ ಗೋದಾಮಿನ ಕಲ್ಲು ಹೊಸ್ತಿಲು. ಮಂಡಕ್ಕಿಗೆ ಬಿಸಿಲು ತಾಗಬಾರದು ಅಂತ ಧಣಿ ಅಷ್ಟು ಚೆನ್ನಾಗಿ ಕಟ್ಟಿಸಿದ್ದ. ಹುರಿಯುವವರಿಗೆ ತಗಡಿನ ಸೂರು, ಮಂಡಕ್ಕಿಗೆ ಕಲ್ಲಿನ ಮನೆ! ಪಾಲಾಕ್ಷ ಆ ಹೊಸ್ತಿಲಿಗೆ ಅಡ್ಡ ಮಲಗಿದ್ದ, ಪಕ್ಕದಲ್ಲಿ ಕೋಲು.

ಆಗ ಧಣಿ ಬಂದ. ಹಿಂದೆ ಲಾರಿ, ಲಾರಿಯಲ್ಲಿ ಬೇರೆ ಊರಿನ ನಾಲ್ಕು ಆಳು. ಈ ಬೀದಿಯವರನ್ನು ಕರೆಯಲ್ಲ ಅಂದಿದ್ದನೇ ಹೊರತು ಬೇರೆಯವರನ್ನು ಕರೆಯಲ್ಲ ಅಂದಿರಲಿಲ್ಲವಲ್ಲ!

"ಏಳಲೇ ಪೆದ್ದ!" ಅಂತ ಒದರಿದ. ಏಳಲಿಲ್ಲ. ಕಾಲಲ್ಲಿ ತಿವಿದ. ಏಳಲಿಲ್ಲ. ಕೊನೆಗೆ ಅವನ ಮೇಲಿಂದ ಬಾಗಿ ಬೀಗ ತೆಗೆದ, ಅವನನ್ನು ದಾಟಿ ಒಳಗೆ ಹೋದ, ಒಂದು ಚೀಲ ಬಿಚ್ಚಿದ. ಗರಿಗರಿ ಇದೆಯಾ ನೋಡಲು ಒಂದು ಹಿಡಿ ಬಾಯಿಗೆ ಹಾಕಿದ.

ಕರುಮ್ ಕರುಮ್.

ಪಾಲಾಕ್ಷನ ಕಣ್ಣು ತೆರೆಯಿತು. ಇದು ಯಾರೂ ಎಬ್ಬಿಸಿದ್ದಲ್ಲ, ಇದು ಮಂಡಕ್ಕಿಗೆ ಬಾಯಿ ಹಾಕಿದ ಸದ್ದು! ಕೋಲು ಎತ್ತಿದ.

"ಹೋಗ್! ನಿಂದೇನೈತೆ ಇಲ್ಲಿ!"

"ಲೇ, ನನ್ನ ಮಂಡಕ್ಕಿ ಕಣೋ! ನನ್ನ ಭಟ್ಟಿ!"

"ಆ ಮೇಕೇನೂ ಹಂಗೇ ಅಂದ್ಕೊಂಡಿತ್ತು! ಹೋಗ್! ಹೋಗ್!"

ಧಣಿ ಚೀಲ ಬಿಟ್ಟ, ಪಂಚೆ ಎತ್ತಿದ, ಬೀದಿ ಹಿಡಿದು ಓಡಿದ. ಅವನ ಹಿಂದೆ ಪಾಲಾಕ್ಷ. ಮನೆ ಮನೆಯ ಬಾಗಿಲಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಗಿನ ನಾಲ್ಕು ಆಳು ಲಾರಿಯಿಂದ ಇಳಿಯಲೇ ಇಲ್ಲ. ಬಂದ ಹಾಗೇ ತಿರುಗಿದರು.

ಓಬಕ್ಕ ಎಣ್ಣೆ ಬಟ್ಟಲು ಹಿಡಿದು ಹುಡುಕಿಕೊಂಡು ಬಂದಾಗ ಮಗ ಮತ್ತೆ ಹೊಸ್ತಿಲ ಮೇಲಿದ್ದ.

"ತಪ್ಪಾಯ್ತೇನವ್ವ?"

ಬೈಯಲು ಬಾಯಿ ತೆರೆದಳು. ಧಣಿ ಓಡಿದ ಬೀದಿಯ ಕಡೆ ನೋಡಿದಳು. ಬಿಚ್ಚಿದ ಚೀಲ ನೋಡಿದಳು. ಗಂಡ ಇಪ್ಪತ್ತು ವರ್ಷ ಚೀಲ ಹೊತ್ತು ದಾಟಿದ ಹೊಸ್ತಿಲು ನೋಡಿದಳು.

"ದೊಡ್ಡ ತಪ್ಪು ಕಣೋ," ಅಂದಳು. "ಸರ್ಕೋ ಆ ಕಡೆ."

ಕೂತಳು. ಕಾಲು ಚಾಚಿದಳು. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡಳು.

ಪಕ್ಕದ ಮನೆ ಮೇಕೆ ಬಂತು. ಇಬ್ಬರನ್ನೂ ದಾಟಿ ಒಳಗೆ ಹೋಯಿತು. ಧಣಿಯ ಚೀಲಕ್ಕೆ ಬಾಯಿ ಹಾಕಿತು. ಕರುಮ್ ಕರುಮ್.

ಪಾಲಾಕ್ಷ ಕೋಲಿಗೆ ಕೈ ಹಾಕಿದ. "ಅಟ್ಟಲೇನವ್ವ?"

"ತಿನ್ಲಿ ಬಿಡೋ. ಅದು ಯಾರನ್ನೂ ಭಾನುವಾರ ಕೆಲಸಕ್ಕೆ ಕರೆದಿಲ್ಲ."