ಒಲೆ ಹಚ್ಚದ ಕೇರಿ

ಗಂಟಲಿನಲ್ಲಿ ವಾಸವಿದ್ದ ಜೀವಕೋಶವೊಂದರ ಬಾಗಿಲಿಗೆ ವೈರಸ್ಸೊಂದು ಬಂದಿತು. ಅದರ ಮೈಮೇಲಿನ ಮುಳ್ಳು ಬೀಗಕ್ಕೆ ಕೀಲಿಯಂತೆ ಕೂತದ್ದರಿಂದ, ಜೀವಕೋಶ ಯಾರೋ ನಮ್ಮವರೇ ಎಂದು ಒಳಗೆ ಕರೆದು, ಊಟಕ್ಕೇಳು ಎಂದಿತು.

“ನನಗೆ ಹೊಟ್ಟೆಯಿಲ್ಲ ತಾಯಿ, ಒಲೆಯೂ ಇಲ್ಲ. ಇರುವುದು ಈ ಚೀಟಿಯೊಂದೇ. ಇದರಲ್ಲಿ ಬರೆದದ್ದನ್ನು ನಿಮ್ಮ ಅಡುಗೆಮನೆಯಲ್ಲಿ ಮಾಡಿಸಿಕೊಡಿ.”

ಜೀವಕೋಶದ ಅಡುಗೆಯವರು ಚೀಟಿಯಲ್ಲಿದ್ದದ್ದನ್ನು ಮಾಡುವವರೇ ಹೊರತು, ಬರೆದವರು ಯಾರೆಂದು ಕೇಳುವವರಲ್ಲ. ಸಂಜೆಯ ಹೊತ್ತಿಗೆ ಮನೆ ತುಂಬ ಅದೇ ಮುಳ್ಳಿನ, ಅದೇ ಚೀಟಿ ಹೊತ್ತ ವೈರಸ್ಸುಗಳು. ಉಗ್ರಾಣ ಬರಿದಾಗಿ ಗೋಡೆ ಬಿರಿಯತೊಡಗಿತು.

“ನನ್ನ ಮೇಲೆ ನಿನಗೇನು ಹಗೆ?” ಎಂದು ಜೀವಕೋಶ ಅವುಗಳಲ್ಲೊಂದನ್ನು ಕೇಳಿತು.

“ಹಗೆಯಿಲ್ಲ ತಾಯಿ. ನನ್ನಂಥದ್ದನ್ನೇ ಮಾಡು ಎಂದು ಚೀಟಿಯಲ್ಲಿದೆ. ನನಗೆ ಗೊತ್ತಿರುವುದು ಅಷ್ಟೇ.”

ಜೀವಕೋಶಕ್ಕೆ ಅದರ ಮೇಲೆ ಸಿಟ್ಟು ಬರಲಿಲ್ಲ. ಆದರೂ ಗೋಡೆ ಬೀಳುವ ಮುನ್ನ ನೆರೆಯ ಜೀವಕೋಶಕ್ಕೆ ಕೂಗಿ ಹೇಳಿತು: “ಅಕ್ಕಾ, ಮೊದಲು ಒಲೆ ಆರಿಸು.”

ಆ ವೈರಸ್ಸು ನೆರೆಮನೆಗೆ ಹೋಯಿತು. ಅಲ್ಲಿಯೂ ಮುಳ್ಳು ಬೀಗಕ್ಕೆ ಕೂತಿತು, ಬಾಗಿಲೂ ತೆರೆಯಿತು. ಅಕ್ಕ ಅದನ್ನು ಒಳಗೆ ಕೂರಿಸಿದಳು.

“ಚೀಟಿ ಅಲ್ಲೇ ಇಡು ಮಗು,” ಎಂದಳು. “ಪಕ್ಕದ ಮನೆಯಲ್ಲಿ ಸಾವಾಗಿದೆ. ಇವತ್ತು ನಮ್ಮ ಕೇರಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ.”